ಜೀಪಿನ ಬಾಡಿಗೆ ಕೇಳಿದ ಅರ್ಜಿ

ಪುಸ್ತಕ ಬೇಕು ಎಂದು ಕೇಳಿದರೆ ಕೊಡುವವರು ಸಿಗುತ್ತಾರೆ. ಕಪಾಟು ಕೇಳಿದರೂ ಸಿಗುತ್ತಾರೆ, ಕೊಟ್ಟವರ ಹೆಸರನ್ನು ಅದರ ಮೇಲೆ ಬರೆಸಬಹುದು. ಆದರೆ ಆ ಪುಸ್ತಕವನ್ನು ಮಗುವಿನ ಕೈಗೆ ಮುಟ್ಟಿಸಿ, ಪಕ್ಕದಲ್ಲಿ ಕೂತು ಓದಿಸುವವರಿಗೆ ಗೌರವಧನ ಕೊಡಿ, ಅವರು ಹೋಗಿ ಬರುವ ಜೀಪಿಗೆ ಬಾಡಿಗೆ ಕೊಡಿ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ಪಂಚಾಯಿತಿ ಗ್ರಂಥಾಲಯದ ಪರವಾಗಿ ಅನುದಾನಕ್ಕೆ ಅರ್ಜಿ ಬರೆಯಲು ಕೂತ ಮಳೆಗಾಲದಲ್ಲಿ ನನಗೆ ಇದು ಚೆನ್ನಾಗಿ ಅರ್ಥವಾಯಿತು.

ನಾನು ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಊರಿನ ಕೆಲವರು ಸೇರಿ ನಡೆಸುವ ಪುಟ್ಟ ಶಿಕ್ಷಣ ಟ್ರಸ್ಟಿನ ಲೆಕ್ಕವೂ ನನ್ನದೇ. ಗ್ರಂಥಾಲಯದ ಮೇಲ್ವಿಚಾರಕಿ ನನಗಿಂತ ಹಿರಿಯರು, ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ವಿಭಾಗ ಗ್ರಾಮೀಣ ಗ್ರಂಥಾಲಯಗಳಿಗೆ ನೆರವು ಕೊಡುತ್ತದಂತೆ ಎಂಬ ಸುದ್ದಿ ತಂದವರು ಅವರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಗ್ರಂಥಾಲಯಕ್ಕೆ ಸರ್ಕಾರದ ಹಣ ಇಲ್ಲವೇ ಎಂದು ಟ್ರಸ್ಟಿನಲ್ಲೇ ಒಬ್ಬರು ಕೇಳಿದ್ದರು. ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟುವ ಮನೆ ಕಂದಾಯದ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಪಂಚಾಯಿತಿಯ ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿ, ಆರೋಗ್ಯ ಕರ, ಶಿಕ್ಷಣ ಕರಗಳ ಸಾಲಿನಲ್ಲೇ ಅದೂ ಕೂತಿರುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನಮ್ಮಲ್ಲೂ ಹೊಸ ಬಣ್ಣ, ಗೋಡೆಯ ಮೇಲೆ ಚಿತ್ರ, ಒಂದು ಕಂಪ್ಯೂಟರ್ ಬಂದವು. ಕೋಲ್ಕತ್ತದಲ್ಲಿ 1972ರಿಂದ ಇರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ರಾಜ್ಯಗಳ ಜೊತೆ ಹಣ ಸೇರಿಸಿ ಪುಸ್ತಕ ಕೊಡಿಸುತ್ತದೆ. ಈ ಎಲ್ಲ ದಾರಿಗಳೂ ಗ್ರಂಥಾಲಯದ ಬಾಗಿಲವರೆಗೆ ಬರುತ್ತವೆ. ಬಾಗಿಲವರೆಗೆ ಬರಲಾಗದ ಮಗುವಿಗೆ ಏನು ಮಾಡುವುದು ಎಂಬ ಕಾಲಂ ಮಾತ್ರ ಎಲ್ಲೂ ಇರಲಿಲ್ಲ.

ಜುಲೈ ತಿಂಗಳು. ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ್ದರು. ಗ್ರಂಥಾಲಯದಲ್ಲಿ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಕೊಡಗಿನ ಮಳೆಗಾಲದಲ್ಲಿ ಪುಸ್ತಕ ಉಳಿಸಿಕೊಳ್ಳುವುದೇ ಒಂದು ಕೆಲಸ. ರಟ್ಟು ಉಬ್ಬುತ್ತದೆ, ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ, ಹಾಳೆ ಹಾಳೆಗೆ ಅಂಟಿಕೊಳ್ಳುತ್ತದೆ. ಅಕ್ಕ ಒಂದು ಕಬ್ಬಿಣದ ಬೀರುವಿನೊಳಗೆ ಹಳೆಯ ಮಾದರಿಯ ಬಲ್ಬು ಇಳಿಬಿಟ್ಟು, ಮಕ್ಕಳ ಪುಸ್ತಕಗಳನ್ನೆಲ್ಲ ಅದರಲ್ಲಿ ಸಡಿಲವಾಗಿ ನಿಲ್ಲಿಸಿದ್ದರು. ಕರೆಂಟು ಬಂದಾಗಲೆಲ್ಲ ಬೀರುವಿನ ಸಂದಿಯಿಂದ ಹಳದಿ ಬೆಳಕು ಬರುತ್ತಿತ್ತು. ಹೊಸ ಪುಸ್ತಕ ಕೇಳುವ ಮೊದಲು ಇಂಥ ಬೀರು ಇನ್ನೊಂದನ್ನು ಕೇಳಬೇಕು ಎಂದು ನಾನು ಬರೆದುಕೊಂಡೆ.

ಅರ್ಜಿಯ ಮೊದಲ ಪ್ರಶ್ನೆ, ಈ ಯೋಜನೆಯ ಅಗತ್ಯವೇನು ಎಂದು. ಎಲ್ಲರೂ ಬರೆಯುವ ಒಂದು ವಾಕ್ಯ ಇದೆಯಲ್ಲ, ಗ್ರಾಮೀಣ ಮಕ್ಕಳಲ್ಲಿ ಓದುವ ಹವ್ಯಾಸ ಕಡಿಮೆಯಾಗುತ್ತಿದೆ ಎಂದು, ಮಾದರಿ ಅರ್ಜಿಯಲ್ಲೂ ಅದೇ ಇತ್ತು. ಅದನ್ನು ಓದಿ ಹೇಳಿದೆ.

“ಯಾರು ಹೇಳಿದ್ದು ಹಾಗೆ?” ಅಂದರು ಅಕ್ಕ. “ಮಕ್ಕಳಿಗೆ ಓದೋಕೆ ಆಸೆ ಇದೆ. ಬರೋಕೆ ಆಗ್ತಿಲ್ಲ, ಅಷ್ಟೆ. ಇಲ್ಲಿ ನೋಡು.”

ಪುಸ್ತಕ ಎರವಲು ಕೊಡುವ ರಿಜಿಸ್ಟರನ್ನು ತೆಗೆದು ನನ್ನ ಮುಂದಿಟ್ಟು, ವಿಳಾಸದ ಕಾಲಂ ಮೇಲೆ ಬೆರಳಾಡಿಸುತ್ತಾ ಹೋದರು. ಪೇಟೆ, ಬಸ್ ನಿಲ್ದಾಣದ ಹತ್ತಿರ, ಶಾಲೆಯ ಹಿಂದೆ, ಪೇಟೆ, ಪೇಟೆ. ಬುಡಕಟ್ಟು ಜನರ ವಸತಿಯಾದ ಹಾಡಿಯ ಹೆಸರು ಅಪರೂಪಕ್ಕೆ ಕಂಡಿತು. ಲೈನ್ ಮನೆ ಎಂಬುದು ಹುಡುಕಿದರೂ ಸಿಗಲಿಲ್ಲ. ನಮ್ಮ ಪಂಚಾಯಿತಿಯ ಮಕ್ಕಳಲ್ಲಿ ಎಷ್ಟೋ ಜನ ಇರುವುದು ತೋಟಗಳ ಒಳಗಿನ ಲೈನ್ ಮನೆಗಳಲ್ಲಿ. ರಸ್ತೆಯಿಂದ ಗೇಟು, ಗೇಟಿನಿಂದ ಕಾಫಿ ಗಿಡಗಳ ನಡುವೆ ಇನ್ನೂ ಒಳಗೆ. ನಾನು ದಿನಾ ಕೂಲಿ ಲೆಕ್ಕ ಬರೆಯುವ ಜನರ ಮಕ್ಕಳು ಅವರು. ಅರ್ಜಿಯ ಮೊದಲ ಪುಟ ಆ ರಿಜಿಸ್ಟರಿನಲ್ಲೇ ಇತ್ತು. ಹವ್ಯಾಸದ ಮಾತು ಬಿಟ್ಟು, ಯಾವ ಕಡೆಯಿಂದ ಮಕ್ಕಳು ಬರುತ್ತಾರೆ, ಯಾವ ಕಡೆಯಿಂದ ಬರುವುದಿಲ್ಲ ಎಂದಷ್ಟೇ ಬರೆದೆವು.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತು. ಒಂದಷ್ಟು ಚಿತ್ರದ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಇಬ್ಬರೂ ಪಕ್ಕದ ತೋಟಕ್ಕೆ ಹೋದೆವು. ಅಲ್ಲಿಯ ರೈಟರು, ಅಂದರೆ ತೋಟದ ಗುಮಾಸ್ತರು, ಪರಿಚಯದವರು, ಕಾಫಿ ತೂಕ ಮಾಡುವ ಶೆಡ್ಡು ತೆರೆಸಿಕೊಟ್ಟರು. ಮಳೆ ರಜೆಯಾದ್ದರಿಂದ ಮಕ್ಕಳೆಲ್ಲ ಲೈನಿನಲ್ಲೇ ಇದ್ದರು, ದೊಡ್ಡವರು ಕೆಲಸಕ್ಕೆ ಹೋಗಿದ್ದರು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಪುಸ್ತಕ ತೆಗೆದುಕೊಂಡು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕನ್ನಡದಲ್ಲಿ ಓದಿದಳು. ಪ್ರತಿ ಸಾಲು ಮುಗಿದ ಕೂಡಲೇ ತೊಡೆಯ ಮೇಲೆ ಕೂತ ತಮ್ಮನಿಗೆ ಅದನ್ನೇ ತಮ್ಮ ಬುಡಕಟ್ಟಿನ ಮನೆಮಾತಾದ ಎರವ ಮಾತಿನಲ್ಲಿ ಹೇಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗನೊಬ್ಬ ಕನ್ನಡ ಓದಲು ಬಾರದೆ ಚಿತ್ರಗಳನ್ನೇ ನೋಡುತ್ತಾ, ಹಾಳೆ ಮಗುಚುವ ಮೊದಲು ಅವಳ ಮುಖ ನೋಡಿ ಕಾಯುತ್ತಿದ್ದ. ಆ ಹುಡುಗಿಯ ಪಕ್ಕದಲ್ಲಿ ವಾರಕ್ಕೊಮ್ಮೆ ಕೂರುವ ಒಬ್ಬರು ದೊಡ್ಡವರು ಬೇಕು, ಅವರಿಗೆ ಎರವ ಮಾತು ಬರಬೇಕು. ಅನುದಾನದಿಂದ ನಾವು ಕೇಳಬೇಕಾದದ್ದು ಇದನ್ನು ಎಂದು ನನಗೆ ಅಲ್ಲೇ ಖಚಿತವಾಯಿತು. ಅಕ್ಕ ನನಗಿಂತ ಎಷ್ಟೋ ಮೊದಲೇ ಬಲ್ಲ ವಿಷಯ ಅದು.

ಹೊರಡುವಾಗ ಮೇಸ್ತ್ರಿ ಬಂದು, “ಬೇಗ ಹೋಗಿ ಮೇಡಂ, ಮೇಲಿನ ಬ್ಲಾಕಿನಲ್ಲಿ ಆನೆ ನಿಂತಿದೆ” ಅಂದರು. ಇದೂ ಅರ್ಜಿಗೆ ಸೇರಿತು. ಯೋಜನೆಗೆ ಎದುರಾಗಬಹುದಾದ ಅಪಾಯಗಳು ಎಂಬ ಕಾಲಂನಲ್ಲಿ ಕಾಡಾನೆ ಎಂದು ಬರೆದೆ. ಸಿದ್ದಾಪುರದ ಸುತ್ತಮುತ್ತ ಆನೆಗಳು ಕಾಡಿನಿಂದ ಬಂದು ಹೋಗುವುದಷ್ಟೇ ಅಲ್ಲ, ತೋಟಗಳಲ್ಲೇ ಉಳಿದುಬಿಡುತ್ತವೆ. ಕೆಲಸಕ್ಕೆ ಹೋದವರು, ಶಾಲೆಗೆ ನಡೆದವರು ಎದುರಿಗೆ ಸಿಕ್ಕಿ ಜೀವ ಕಳೆದುಕೊಂಡಿದ್ದಾರೆ. ಅದಕ್ಕೇ ಓದಿನ ಹೊತ್ತು ಮಧ್ಯಾಹ್ನ ಎರಡೂವರೆಯಿಂದ ನಾಲ್ಕು, ಅದಕ್ಕೇ ಜೀಪು. ಕಾಫಿ ಬ್ಲಾಕುಗಳ ನಡುವೆ ಪುಸ್ತಕದ ಚೀಲ ಹೊತ್ತು ನಡೆದು ಹೋಗಿ ಎಂದು ನಾವು ಯಾರಿಗೂ ಹೇಳಲಾರೆವು.

ವೇಳಾಪಟ್ಟಿಯೂ ಸಲೀಸಾಗಿ ಕೂರಲಿಲ್ಲ. ಅರ್ಜಿಯಲ್ಲಿ ಏಪ್ರಿಲಿನಿಂದ ಮಾರ್ಚಿಗೆ ನಾಲ್ಕು ತ್ರೈಮಾಸಿಕ, ಪ್ರತಿಯೊಂದರಲ್ಲೂ ಸಮಾನ ಗುರಿ. ತೋಟದ ವರ್ಷ ಬೇರೆ. ರೊಬಸ್ಟಾ ಕಾಫಿಯ ಕುಯ್ಲು ಶುರುವಾದರೆ ಜನವರಿ, ಫೆಬ್ರವರಿಯಲ್ಲಿ ಹೊರಗಿನ ಕೂಲಿಯವರು ಮಕ್ಕಳ ಸಮೇತ ಬಂದು ಲೈನು ತುಂಬುತ್ತದೆ. ಕಾಫಿ, ಕಾಳುಮೆಣಸು ಎರಡೂ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಹೊರಡುತ್ತವೆ. ಮಳೆಗಾಲದಲ್ಲಿ ಮಕ್ಕಳು ಕಡಿಮೆ, ಆದರೆ ಇದ್ದವರಿಗೆ ಹೊತ್ತು ಹೆಚ್ಚು. ಕುಯ್ಲಿನ ತಿಂಗಳುಗಳಿಗೆ ಹೆಚ್ಚು ಪುಸ್ತಕ, ಹೆಚ್ಚು ಸುತ್ತು ಎಂದು ಹಂಚಿ, ಕಾರಣವನ್ನು ಕೆಳಗೆ ನಾಲ್ಕು ಸಾಲಿನಲ್ಲಿ ಬರೆದೆ. ಕೂಲಿ ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇದ್ದದ್ದರಿಂದ ಇದನ್ನು ಊಹಿಸಿ ಬರೆಯಬೇಕಾಗಲಿಲ್ಲ.

ಫಲಿತಾಂಶವನ್ನು ಹೇಗೆ ಅಳೆಯುತ್ತೀರಿ ಎಂಬಲ್ಲಿ ಎಲ್ಲರೂ ಮಕ್ಕಳ ಸಂಖ್ಯೆ ಬರೆಯುತ್ತಾರೆ. ಒಂದು ದಿನ ಬಂದು ಬಿಸ್ಕತ್ತು ತಿಂದು ಹೋದ ಮಗುವೂ ಅದರಲ್ಲಿ ಒಂದು. ಅಕ್ಕ ಒಪ್ಪಲಿಲ್ಲ. “ಎರಡನೇ ಪುಸ್ತಕ ಕೇಳ್ಕೊಂಡು ಬಂದ ಮಗೂನ ಲೆಕ್ಕ ಹಾಕು” ಅಂದರು. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಪುಸ್ತಕ ಕೊಟ್ಟು ತೆಗೆದುಕೊಂಡವರ ಮಾತು ಅದು. ಅದಕ್ಕಿಂತ ಒಳ್ಳೆಯ ಅಳತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಕಾಗದಪತ್ರ. ಪಂಚಾಯಿತಿಯ ಸಾಮಾನ್ಯ ಸಭೆಯ ನಿರ್ಣಯ, ಪಿಡಿಒ ಅವರ ಪತ್ರ, ತೋಟದ ಮಾಲೀಕರ ಒಪ್ಪಿಗೆ, ಟ್ರಸ್ಟಿನ ಆದಾಯ ತೆರಿಗೆ ವಿನಾಯಿತಿಗೆ ಸಂಬಂಧಿಸಿದ 12ಎ ಮತ್ತು 80ಜಿ ನೋಂದಣಿ, ಕಂಪನಿಗಳಿಂದ ಇಂಥ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಸಂಖ್ಯೆ, ಮೂರು ವರ್ಷ ಕೆಲಸ ಮಾಡಿದ್ದಕ್ಕೆ ಆಡಿಟ್ ಆದ ಲೆಕ್ಕ. ಸಣ್ಣ ಸಂಸ್ಥೆಗಳು ಬಹುಪಾಲು ಎಡವುವುದು ಇಲ್ಲೇ. ನಿಮ್ಮ ಊರಿನಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿದ್ದರೆ, ಅರ್ಜಿ ಕರೆಯುವವರೆಗೆ ಕಾಯದೆ ಇವನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಅರ್ಜಿ ಹೋಗಿ ಬಹಳ ದಿನಗಳ ನಂತರ ಬೆಂಗಳೂರಿನಿಂದ ಫೋನ್ ಬಂತು. ಮಾತಾಡಿದ ಅಧಿಕಾರಿ ಚಿಕ್ಕ ವಯಸ್ಸಿನವರು, ಅರ್ಜಿಯನ್ನು ಪೂರ್ತಿ ಓದಿದ್ದರು. ಪುಸ್ತಕ, ಬೀರು ಸರಿ ಮೇಡಂ, ಗೌರವಧನ ಮತ್ತು ವಾಹನ ಆಡಳಿತ ವೆಚ್ಚವಾಗುತ್ತದೆ, ನಮಗೆ ಶೇ. 5ರ ಮಿತಿ ಇದೆ ಅಂದರು. ಒಂದು ದಿನ ಸಮಯ ಕೊಡಿ ಎಂದು ಕೇಳಿಕೊಂಡು, ರಾತ್ರಿ ನಿಯಮಗಳನ್ನು ತೆಗೆದು ಕೂತೆ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ನಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ನ್ನು ಖರ್ಚು ಮಾಡಬೇಕು. ಯಾವುದಕ್ಕೆ ಎಂಬ ಪಟ್ಟಿ 7ನೇ ಅನುಸೂಚಿಯಲ್ಲಿದೆ, ಅದರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆಯ ಹೆಸರು ಹೇಳಿಯೇ ಇದೆ, ಶಿಕ್ಷಣವೂ ಇದೆ. ಶೇ. 5ರ ಮಿತಿ ಅನ್ವಯಿಸುವುದು ಕಂಪನಿ ತನ್ನ ಸಿಎಸ್‌ಆರ್ ಕೆಲಸಗಳ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯನ್ನು ಜಾರಿಗೆ ತರಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು ನಿಯಮದ ವ್ಯಾಖ್ಯಾನದಲ್ಲೇ ಸ್ಪಷ್ಟವಾಗಿದೆ. ಓದಿಸುವವರ ಗೌರವಧನವೇ ಈ ಯೋಜನೆ, ಜೀಪೇ ಈ ಯೋಜನೆ, ಅವೆರಡನ್ನು ತೆಗೆದರೆ ಉಳಿಯುವುದು ಬೀರುವಿನಲ್ಲಿ ಭದ್ರವಾಗಿರುವ ಪುಸ್ತಕ ಎಂದು ಒಂದು ಪುಟದ ಪತ್ರ ಬರೆದು ಕಳಿಸಿದೆ. ಜೊತೆಗೆ ರಿಜಿಸ್ಟರಿನ ವಿಳಾಸದ ಕಾಲಂನ ಫೋಟೋ, ಹೆಸರುಗಳನ್ನು ಮುಚ್ಚಿ.

ಮಂಜೂರಾತಿ ಪತ್ರ ಬಂದದ್ದು ಕಾವೇರಿ ಸಂಕ್ರಮಣ ಕಳೆದ ಮೇಲೆ. ಕೇಳಿದ್ದಕ್ಕಿಂತ ಕಡಿಮೆ ಮೊತ್ತ. ಎರಡನೇ ಬೀರು ಬರಲಿಲ್ಲ, ಪುಸ್ತಕದ ಪಟ್ಟಿ ಅರ್ಧವಾಯಿತು. ಆದರೆ ಇಬ್ಬರಿಗೆ ಗೌರವಧನ ಮತ್ತು ಜೀಪಿನ ಬಾಡಿಗೆ ಪೂರ್ತಿ ಸಿಕ್ಕಿತು. ಅಕ್ಕ ಆ ಪತ್ರವನ್ನು ಎರಡೆರಡು ಸಲ ಓದಿಸಿಕೊಂಡರು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮರೆಮಾಚುವ ಅಗತ್ಯ ಕಾಣಲಿಲ್ಲ.

ಓದಿಸುವವರಲ್ಲಿ ಒಬ್ಬಳು ಹಾಡಿಯಿಂದ ಬಂದು ಪಿಯುಸಿ ಮುಗಿಸಿದ ಹುಡುಗಿ. ಮಕ್ಕಳು ಅವಳನ್ನು ಟೀಚರ್ ಅನ್ನುತ್ತಾರೆ. ಕನ್ನಡದ ಕತೆ ಓದಿ, ಅದನ್ನೇ ಎರವ ಮಾತಿನಲ್ಲಿ ಇನ್ನೊಮ್ಮೆ ಹೇಳಿ, ಮೂರನೇ ಸಲ ಮಕ್ಕಳಿಂದಲೇ ಓದಿಸುತ್ತಾಳೆ. ಶನಿವಾರ ಜೀಪು ಗೇಟು ದಾಟುವಾಗಲೇ ಮಕ್ಕಳು ಕಳೆದ ವಾರದ ಪುಸ್ತಕ ಹಿಡಿದು ನಿಂತಿರುತ್ತಾರೆ. ಒದ್ದೆಯಾಗದಿರಲಿ ಎಂದು ಕೆಲವರು ಅದನ್ನು ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿಟ್ಟಿರುತ್ತಾರೆ. ರಿಜಿಸ್ಟರಿನ ವಿಳಾಸದ ಕಾಲಂನಲ್ಲಿ ಈಗ ತೋಟಗಳ ಹೆಸರು ಬರುತ್ತಿದೆ.

ಈ ಹಣ ಒಂದು ವರ್ಷಕ್ಕೆ ಮಾತ್ರ. ಕಂಪನಿಯ ದಯೆಯ ಮೇಲೆ ಗ್ರಂಥಾಲಯ ನಿಲ್ಲಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕರ ಕಟ್ಟುವವರು ನಾವು, ಪಂಚಾಯಿತಿ ನಮ್ಮದು. ಜೀಪಿನ ಬಾಡಿಗೆಯನ್ನೂ ಓದಿಸುವವರ ಗೌರವಧನವನ್ನೂ ಮುಂದಿನ ಕ್ರಿಯಾ ಯೋಜನೆಗೆ ಸೇರಿಸಿ ಎಂದು ಗ್ರಾಮಸಭೆಯಲ್ಲಿ ಕೇಳಿದ್ದೇವೆ. ಒಬ್ಬ ಸದಸ್ಯರು ಎದ್ದು, ತಮ್ಮ ವಾರ್ಡಿನ ಲೈನುಗಳಿಗೂ ಜೀಪು ಬರಬೇಕು ಎಂದು ಪಟ್ಟು ಹಿಡಿದರು. ಕುಯ್ಲಿಗೆ ಬರುವ ಮಕ್ಕಳಿಗಾಗಿ ಅಸ್ಸಾಮಿ ಮತ್ತು ಬಂಗಾಳಿಯ ಚಿತ್ರ ಪುಸ್ತಕಗಳು ಬೇಕು, ಅದಕ್ಕೆ ಬೇರೊಂದು ಅರ್ಜಿ ಬರೆಯುತ್ತಿದ್ದೇನೆ. ಅದರ ಜೊತೆಗೆ ಆ ಎರಡನೇ ಬೀರುವನ್ನೂ ಮತ್ತೆ ಕೇಳುತ್ತಿದ್ದೇನೆ.