ಅಜ್ಜಯ್ಯನ ಬೆರಳಲ್ಲಿ ಉಳಿದ ತಾಳ

ಕಳೆದ ಡಿಸೆಂಬರಿನಲ್ಲಿ ಬ್ರಹ್ಮಾವರದ ಮನೆಗೆ ಬಂದಾಗ ಅಜ್ಜಯ್ಯ ಚಾವಡಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ, “ಬನ್ನಿ ಬನ್ನಿ, ಆಸ್ರಿಗೆ ಕುಡಿದ್ರಾ?” ಎಂದರು. ಮೊಮ್ಮಗಳನ್ನು ನೆಂಟರ ಹಾಗೆ ಮಾತಾಡಿಸಿದರು. ಅಪ್ಪ, “ಅಪ್ಪಯ್ಯ, ಇದು ಯಾರು ಹೇಳಿ?” ಎಂದು ಮತ್ತೆ ಮತ್ತೆ ಕೇಳಿದರು. ಅಜ್ಜಯ್ಯನ ಮುಖ ಸಣ್ಣದಾಯಿತು.

ನಾನು ಕೆನಡಾದಲ್ಲಿ ನರ್ಸ್. ಡಿಮೆನ್ಶಿಯಾ ಇರುವ ಹಿರಿಯರನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಊರಲ್ಲಿ ‘ಅರಳು ಮರಳು’ ಅಂತ ಸುಮ್ಮನಾಗಿಬಿಡುತ್ತೇವೆ ಅಲ್ವಾ, ಆದರೆ ಅದು ಮೆದುಳಿನ ಕಾಯಿಲೆ. ಹೊಸಬರು ಬಂದಾಗ ಮನೆಯವರ ಹತ್ತಿರ ಔಷಧಿ ಚೀಟಿಯ ಜೊತೆ ಇನ್ನೊಂದನ್ನೂ ಕೇಳುತ್ತೇವೆ: ಪ್ರಾಯದಲ್ಲಿ ಇವರಿಗೆ ಯಾವ ಹಾಡು ಇಷ್ಟ ಇತ್ತು? ನಾಲ್ಕು ಮಾತು ಜೋಡಿಸಲಾಗದವರು ಚರ್ಚಿನ ಹಾಡನ್ನು ಪೂರ್ತಿ ಹಾಡುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಬಹುಕಾಲದಿಂದ ಗೊತ್ತಿರುವ ಸಂಗೀತದ ನೆನಪಿರುವ ಮೆದುಳಿನ ಭಾಗಕ್ಕೆ, ಡಿಮೆನ್ಶಿಯಾ ತರುವ ಆಲ್ಜೈಮರ್ ಕಾಯಿಲೆಯ ಪೆಟ್ಟು ಕಡಿಮೆ ಎಂದು ಜರ್ಮನಿಯ ಲೈಪ್ಜಿಗ್‌ನ ಸಂಶೋಧಕರು 2015ರಲ್ಲಿ ತೋರಿಸಿದರು.

ಚಿತ್ರ ಬರೆಯುವವರ ಕತೆ ಬೇರೆ. ಕೆನಡಾದ ವಿಜ್ಞಾನಿ ಆನ್ ಆಡಮ್ಸ್ 1994ರಲ್ಲಿ ಫ್ರಾನ್ಸಿನ ಸಂಗೀತ ರಚನೆಕಾರ ರಾವೆಲ್ ಅವರ ‘ಬೊಲೆರೊ’ ಸಂಗೀತವನ್ನೇ ಚಿತ್ರವಾಗಿಸಿದರು. ಸದ್ದು ಏರಿದ ಹಾಗೆ ಬಣ್ಣದ ಪಟ್ಟಿಗಳೂ ಎತ್ತರವಾಗುತ್ತವೆ. ಕೆಲವು ವರ್ಷಗಳಲ್ಲಿ ಮೆದುಳಿನ ಕಾಯಿಲೆಯಿಂದ ಆನ್ ಅವರ ಮಾತು ಕುಂದುತ್ತಾ ಹೋಯಿತು. ಮಾತಿನ ಭಾಗ ಸೊರಗಿದಾಗ ಬೇರೆ ಭಾಗ ಚಿಗುರುವುದುಂಟು ಎನ್ನುತ್ತಾರೆ ವೈದ್ಯರು. ಆದರೆ ಲಂಡನ್ನಿನಲ್ಲಿದ್ದ ಕಲಾವಿದ ವಿಲಿಯಂ ಅಟರ್‌ಮೋಲನ್ ಅವರಿಗೆ 1995ರಲ್ಲಿ ಆಲ್ಜೈಮರ್ ಎಂದು ಗೊತ್ತಾಯಿತು. ಆಮೇಲೆ ಬರೆದುಕೊಂಡ ತಮ್ಮದೇ ಮುಖದ ಚಿತ್ರಗಳಲ್ಲಿ ಕಣ್ಣು ಮೂಗು ಕದಡುತ್ತಾ ಹೋಗುತ್ತವೆ. ಅವನ್ನು ನೋಡುವಾಗ ನನಗೆ ಗಂಟಲು ಕಟ್ಟುತ್ತದೆ.

ಅಜ್ಜಯ್ಯ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸಿದವರು. ಆ ಸಂಜೆ ಮೊಬೈಲಿನಲ್ಲಿ ಹಳೆಯ ಆಟದ ಪದ ಹಾಕಿದೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಬಲಗೈ ಬೆರಳು ಕುರ್ಚಿಯ ಕೈ ಮೇಲೆ ಆಡತೊಡಗಿತು. ಮತ್ತೆ ಎಡಗೈ. ಭಾಗವತರು ಎಳೆದಲ್ಲಿ ಬೆರಳು ಕಾದವು, ಮುಕ್ತಾಯಕ್ಕೆ ಸರಿಯಾಗಿ ನಿಂತವು. ಒಂದು ಪೆಟ್ಟೂ ತಪ್ಪಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಅವತ್ತಿನಿಂದ ‘ಯಾರು ಹೇಳಿ’ ಅಂತ ಕೇಳುವುದನ್ನು ಬಿಟ್ಟರು.

ಈಗ ಭಾನುವಾರದ ವಿಡಿಯೊ ಕಾಲಿನಲ್ಲಿ ನಾನು ಮೇಜು ತಟ್ಟಿ ಝಂಪೆ ತಾಳ ಹಾಕುತ್ತೇನೆ. ಹೋದ ವಾರ ಕೈ ಸ್ವಲ್ಪ ಜಾಸ್ತಿ ಓಡಿತು. ಅಜ್ಜಯ್ಯ ಹುಬ್ಬು ಗಂಟಿಕ್ಕಿ ಫೋನಿನ ಹತ್ತಿರ ಬಗ್ಗಿದರು.

“ಓಡ್ಬೇಡ ಮಗಾ, ಲಯ ಹಿಡಿ.”