ಜನರನ್ನು ಕೇಳ್ತಾ ಕೂತ್ರೆ ರೈಲು ಆಗುತ್ತಾ?

ಈ ಪ್ರಶ್ನೆಯನ್ನು ನನಗೆ ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ. ಮಂಗಳೂರು ಬಸ್ಸಿನಲ್ಲಿ ಕೇಳಿದ್ದಾರೆ. ಬೆಂಗಳೂರಿನ ನೆಂಟರು ಫೋನ್ ಮಾಡಿ, ಮಳೆ ಹೇಗುಂಟು ಅಂತ ವಿಚಾರಿಸುವ ಮೊದಲೇ ಕೇಳಿದ್ದಾರೆ. ನಾನು ಕಾಸರಗೋಡಿನವಳು, ಸಿಲ್ವರ್‌ಲೈನ್ ರೈಲಿನ ಸರ್ವೆ ಕಲ್ಲು ಬಿದ್ದ ಕಡೆಯವಳು ಅಂತ ಗೊತ್ತಾದರೆ ಸಾಕು. "ಅಲ್ಲ, ಹೀಗೆ ಜನರನ್ನು ಕೇಳ್ತಾ ಕೂತ್ರೆ ರೈಲು ಆಗುತ್ತಾ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಗೊತ್ತಿಲ್ಲದವರಿಗೆ ಎರಡು ಮಾತು. ತಿರುವನಂತಪುರದಿಂದ ಕಾಸರಗೋಡಿಗೆ ಸುಮಾರು 530 ಕಿಲೋಮೀಟರ್ ಉದ್ದದ ಹೊಸ ಹಳಿ ಹಾಕುವ ಯೋಜನೆಯ ಹೆಸರು ಸಿಲ್ವರ್‌ಲೈನ್. ಗಂಟೆಗೆ 200 ಕಿಲೋಮೀಟರ್ ವೇಗ, ನಡುವೆ ಬೆರಳೆಣಿಕೆಯ ಸ್ಟೇಷನ್, ಸುಮಾರು 64,000 ಕೋಟಿ ರೂಪಾಯಿ ಖರ್ಚು. ಆಗ ಇಡೀ ರಾತ್ರಿ ಹಿಡಿಯುತ್ತಿದ್ದ ಪ್ರಯಾಣ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ ಅಂದಿದ್ದರು. ಗಲಾಟೆಯಾಯಿತು. ಕೇಂದ್ರದ ಒಪ್ಪಿಗೆ ಬರಲಿಲ್ಲ. 2022ರ ನವೆಂಬರಿನಲ್ಲಿ ಭೂಸ್ವಾಧೀನಕ್ಕೆ ಹಾಕಿದ್ದ ಸಿಬ್ಬಂದಿಯನ್ನು ಕೇರಳ ಸರ್ಕಾರ ವಾಪಸ್ ಕರೆಸಿಕೊಂಡಿತು.

ನಾನು ರೈಲಿನ ವಿರೋಧಿ ಅಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಇಷ್ಟು ಓದುವಷ್ಟರಲ್ಲಿ ಅರ್ಧ ಜನ ಹಾಗೇ ತೀರ್ಮಾನ ಮಾಡಿರುತ್ತಾರೆ. ಹಳಿಯ ಸದ್ದು ಕೇಳುತ್ತಲೇ ಬೆಳೆದವಳು ನಾನು. ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹೋಗುವ ಹೊತ್ತಿಗೆ ದೇವರ ದೀಪ ಹಚ್ಚುವ ಮನೆ ನಮ್ಮದು. ಒಂದು ಸರ್ಟಿಫಿಕೇಟ್ ತಿದ್ದಿಸಲು ಅದೇ ಗಾಡಿಯಲ್ಲಿ ಎರಡು ಸಲ ತಿರುವನಂತಪುರಕ್ಕೆ ಹೋಗಿ ಬಂದಿದ್ದೇನೆ. ನಾಲ್ಕು ಗಂಟೆಯಲ್ಲಿ ಹೋಗಬಹುದು ಅಂದರೆ ನನಗೆ ಬೇಡವಾ?

ನನ್ನ ಸಿಟ್ಟು ಆ "ಕೇಳ್ತಾ ಕೂತ್ರೆ" ಅನ್ನುವ ಮಾತಿನ ಮೇಲೆ. ಯಾರೋ ನಮ್ಮ ಜಗಲಿಯಲ್ಲಿ ತಿಂಗಳುಗಟ್ಟಲೆ ಕೂತು, ನಕ್ಷೆ ಹರಡಿ, ಎಲ್ಲಿ ಹೋಗಲಿ ಅಂತ ಕೇಳಿದ ಹಾಗೆ ಮಾತಾಡುತ್ತಾರೆ. ಯಾರೂ ಕೂರಲಿಲ್ಲ. ಯಾರೂ ಕೇಳಲಿಲ್ಲ. ಕೇಳಿದ್ದರಿಂದ ರೈಲು ನಿಂತಿತು ಅನ್ನುವುದು ನಡೆಯದೇ ಇದ್ದದ್ದನ್ನು ನಡೆದ ಹಾಗೆ ಹೇಳುವುದು.

ನಡೆದದ್ದು ಏನು ಅಂತ ನನ್ನ ದೊಡ್ಡಮ್ಮನ ಅಂಗಳದಲ್ಲಿ ನಾನೇ ನೋಡಿದ್ದೇನೆ.

2022ರ ಫೆಬ್ರವರಿ. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕು ಹುಡುಗರು ಬಂದರು. ಒಬ್ಬನ ಕೈಯಲ್ಲಿ ಟ್ಯಾಬ್ಲೆಟ್, ಒಬ್ಬನ ಹೆಗಲ ಮೇಲೆ ಮೂರು ಕಾಲಿನ ಯಂತ್ರ, ಇನ್ನಿಬ್ಬರು ಹಳದಿ ಬಳಿದ ಕಾಂಕ್ರೀಟ್ ಕಲ್ಲು ಹೊತ್ತಿದ್ದರು. ಒಳ್ಳೆಯ ಮಕ್ಕಳು, ಸುಳ್ಳು ಹೇಳಬಾರದು. ಅಡಿಕೆ ತುಳಿಯದ ಹಾಗೆ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದರು. ದೊಡ್ಡಮ್ಮ ಮಜ್ಜಿಗೆ ತಂದು ಕೊಟ್ಟರು. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಡದೆ ಮಾತಾಡಿಸಿ ಅವರಿಗೆ ಅಭ್ಯಾಸವಿಲ್ಲ.

"ಕಲ್ಲು ಎಂತಕ್ಕೆ ಮಕ್ಕಳೇ?"

"ಸರ್ವೆ ಅಮ್ಮ. ಸರ್ವೆ ಮಾತ್ರ."

ಮಾತು ಮಲಯಾಳದಲ್ಲಿ ನಡೆಯಿತು. ದೊಡ್ಡಮ್ಮನಿಗೆ ಮಲಯಾಳ ಸಲೀಸಾಗಿ ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಹುಡುಗರು ತೋಟದ ಮೇಲ್ಭಾಗಕ್ಕೆ, ಗುಡ್ಡದ ಬುಡಕ್ಕೆ ಹೋಗಿ ಗುಂಡಿ ತೋಡಲು ಶುರು ಮಾಡಿದಾಗ ದೊಡ್ಡಮ್ಮ ಅವಸರದಿಂದ ಹತ್ತಿ ಹೋದರು. "ಅಲ್ಲಿ ಬೇಡ ಮಗಾ. ಅದರ ಅಡಿಯಲ್ಲಿ ಸುರಂಗ ಉಂಟು."

ನಮ್ಮ ಕಡೆಯ ಸುರಂಗ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಅಡ್ಡಕ್ಕೆ ತೋಡಿದ ಬಾವಿ. ಮುರಕಲ್ಲಿನ ಗುಡ್ಡದೊಳಗೆ ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಅಗಲಕ್ಕೆ ಪಿಕಾಸಿಯಲ್ಲಿ ಕಡಿಯುತ್ತಾ ಹೋಗುತ್ತಾರೆ. ನೀರಿನ ಒಸರು ಸಿಕ್ಕುವವರೆಗೆ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಇಳಿದು ಬರುತ್ತದೆ. ದೊಡ್ಡಮ್ಮನ ಮನೆಯ ಸುರಂಗವನ್ನು ಅವರ ಮಾವ ಕಡಿಸಿದ್ದು. ಮೊದಲು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ನೀರು ಬರುತ್ತಿತ್ತು, ಈಗ ಪೈಪು. ಏಪ್ರಿಲ್‌ನಲ್ಲಿ ಸುತ್ತಲಿನ ಬಾವಿಗಳು ತಳ ಕಂಡಾಗಲೂ ಅಲ್ಲಿ ಹೆಬ್ಬೆರಳು ಗಾತ್ರದ ನೀರು ಇರುತ್ತದೆ. ಒಳಗೆ ಹೋದರೆ ತಣ್ಣಗೆ, ಕತ್ತಲೆ, ಮಣ್ಣಿನ ವಾಸನೆ, ಟಪ್ ಟಪ್ ಸದ್ದು. ಮನೆಯ ಕುಡಿಯುವ ನೀರು ಅದೇ.

ಟ್ಯಾಬ್ಲೆಟ್ ಹಿಡಿದ ಹುಡುಗ ನಿಂತು ಕೇಳಿಸಿಕೊಂಡ. ಸುರಂಗದ ಬಾಯಿಯೊಳಗೆ ಬಗ್ಗಿ ನೋಡಿದ. ಆಮೇಲೆ ಸ್ಕ್ರೀನ್ ಮೇಲೆ ಕೆಳಗೆ ಜಾರಿಸುತ್ತಾ ಬಹಳ ಹೊತ್ತು ಹುಡುಕಿದ. ಸರ್ವೆ ನಂಬರು ಇತ್ತು. ಯಜಮಾನರ ಹೆಸರು, ಮನೆ, ಬಾವಿ, ಮರ ಎಲ್ಲ ಇತ್ತು. ಸುರಂಗ ಅಂತ ಬರೆಯಲು ಜಾಗ ಇರಲಿಲ್ಲ. "ಅಮ್ಮ, ಇದನ್ನು ಹಾಕಲಿಕ್ಕೆ ಇಲ್ಲಿ ಕಾಲಂ ಇಲ್ಲ," ಅಂದ. ಅವನಿಗೂ ಬೇಜಾರಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಕಲ್ಲನ್ನು ಎರಡು ಅಡಿ ಆಚೆ ಹಾಕಿ ಹೋದರು. ಅವರ ಕೈಯಲ್ಲಿ ಇದ್ದದ್ದು ಅಷ್ಟೇ, ಎರಡು ಅಡಿ.

ಈಗ ತಾರೀಖುಗಳನ್ನು ನೋಡಿ. ವಿಮಾನದಿಂದ ಲೇಸರ್ ಸರ್ವೆ ಮಾಡಿದ್ದು 2019ರ ಕೊನೆಯಿಂದ 2020ರ ಶುರುವಿನ ಹೊತ್ತಿಗೆ. ರಾಜ್ಯದ ಸಂಪುಟ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟದ್ದು 2020ರಲ್ಲಿ. ಆ ವರದಿ ಜನರ ಕಣ್ಣಿಗೆ ಬಿದ್ದದ್ದು 2022ರ ಜನವರಿಯಲ್ಲಿ, ಅದೂ ಶಾಸನಸಭೆಯಲ್ಲಿ ತಕರಾರು ಎದ್ದ ಮೇಲೆ. ಅಷ್ಟರೊಳಗೆ ಎಷ್ಟೋ ಊರಲ್ಲಿ ಕಲ್ಲು ಬಿದ್ದಾಗಿತ್ತು. ಗೆರೆ ಮೊದಲು, ಕಲ್ಲು ಆಮೇಲೆ, ಕಾಗದ ಕೊನೆಗೆ. ಅದೇ ಜನವರಿಯಲ್ಲಿ ಮುಖ್ಯಮಂತ್ರಿಯವರು ಆಹ್ವಾನಿತ ಗಣ್ಯರನ್ನು ಕರೆದು ಯೋಜನೆ ವಿವರಿಸಿದರು. ವಿವರಿಸುವುದು ತಪ್ಪಲ್ಲ. ಆದರೆ ತಿಳಿಸುವುದು ಬೇರೆ, ಕೇಳುವುದು ಬೇರೆ. ನೆಲ ಬಿಡಬೇಕಾದವರು ಗಣ್ಯರ ಪಟ್ಟಿಯಲ್ಲಿ ಬರುವವರಲ್ಲ.

ಕಾನೂನೇ ಕೇಳಿಸುತ್ತದಲ್ವಾ ಅಂತ ಕೆಲವರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿದೆ. ಯಾವ ಯೋಜನೆಗೆ ಪರಿಸರದ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿ ಉಂಟು, ಬಂದರು ಉಂಟು, ವಿಮಾನ ನಿಲ್ದಾಣ ಉಂಟು. ರೈಲು ಹಳಿ ಇಲ್ಲ! ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೂ ಅದೇ ಲೆಕ್ಕ. ಅಲ್ಲಿ ಸಾಲ ಕೊಟ್ಟ ಜಪಾನಿನ ಜೈಕಾ ಸಂಸ್ಥೆಗೆ ತನ್ನದೇ ನಿಯಮಗಳಿದ್ದವು, ಜನರ ಜೊತೆ ಸಮಾಲೋಚನೆ ಮಾಡಲೇಬೇಕು ಅಂತ. 2018ರಲ್ಲಿ ಗುಜರಾತಿನ ರೈತರು ಆ ನಿಯಮ ಮುರಿದಿದೆ ಅಂತ ನೇರ ಜೈಕಾಗೇ ಬರೆದರು. ನಮ್ಮ ನೆಲದ ಬಗ್ಗೆ ನಮ್ಮನ್ನು ಕೇಳಬೇಕು ಅಂತ ಟೋಕಿಯೋಗೆ ಕಾಗದ ಹಾಕಬೇಕಾಗಿ ಬಂದದ್ದು ಓದಿ ನನಗೆ ಬಹಳ ನೋವಾಯಿತು.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಉಂಟು, ಅದರ ಜೊತೆ ಸಾರ್ವಜನಿಕ ವಿಚಾರಣೆಯೂ ಉಂಟು. ವರದಿ ಸ್ಥಳೀಯ ಭಾಷೆಯಲ್ಲಿ ಪಂಚಾಯತಿಗೆ ಸಿಗಬೇಕು ಅಂತಲೂ ಉಂಟು. ಕಾಸರಗೋಡಿನಲ್ಲಿ ಆ ಭಾಷೆ ಯಾವುದು? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಕೇಳುತ್ತಾ ಬಂದ ಪ್ರಶ್ನೆ ಅದು. ದೊಡ್ಡಮ್ಮನ ಮನೆಗೆ ಬಂದ ಒಂದೇ ಒಂದು ಕಾಗದ ಮಲಯಾಳದಲ್ಲಿತ್ತು. ನಾನೇ ಓದಿ ಹೇಳಿದೆ. ವಿಚಾರಣೆ ನಮ್ಮ ಊರಿನವರೆಗೆ ಬರಲೇ ಇಲ್ಲ. ಬಂದಿದ್ದರೂ ಅಷ್ಟು ಹೊತ್ತಿಗೆ ಗೆರೆ ಎಳೆದಾಗಿರುತ್ತದೆ. ಉಳಿಯುವ ಮಾತು ಒಂದೇ, ಸೆಂಟ್ಸಿಗೆ ಎಷ್ಟು.

ಕೇಳಿದರೆ ರೈಲು ಆಗುವುದಿಲ್ಲ ಅನ್ನುವವರು ಫ್ರಾನ್ಸ್ ನೋಡಲಿ. ದಕ್ಷಿಣಕ್ಕೆ ಹೋಗುವ ಅತಿವೇಗದ ಹಳಿಗೆ 1990ರ ಆಸುಪಾಸಿನಲ್ಲಿ ದ್ರಾಕ್ಷಿ ತೋಟದವರು, ಊರಿನವರು ಎದ್ದು ನಿಂತರು. ಅದರಿಂದ ಅವರು ಪಾಠ ಕಲಿತರು. 1995ರಲ್ಲಿ ಕಾನೂನು ಮಾಡಿ, ಸಾರ್ವಜನಿಕ ಚರ್ಚೆ ನಡೆಸಲೆಂದೇ ಒಂದು ರಾಷ್ಟ್ರೀಯ ಆಯೋಗ ತಂದರು. ದೊಡ್ಡ ಯೋಜನೆಯ ಗೆರೆ ಗಟ್ಟಿಯಾಗುವ ಮೊದಲೇ ಚರ್ಚೆ. ಸಾಮಾನ್ಯವಾಗಿ ನಾಲ್ಕು ತಿಂಗಳು. ಈ ಯೋಜನೆ ಬೇಕಾ ಅನ್ನುವುದನ್ನೂ ಅಲ್ಲಿ ಕೇಳಬಹುದು. ಅಲ್ಲಿ ರೈಲು ನಿಂತಿತಾ? ಆ ದಕ್ಷಿಣದ ಹಳಿ 2001ರಲ್ಲಿ ಶುರುವಾಯಿತು. ಆಮೇಲೂ ಹೊಸ ಹಳಿಗಳು ಬಂದವು. ನಾಲ್ಕು ತಿಂಗಳು ಅಂದರೆ ನಮ್ಮಲ್ಲಿ ಒಂದು ಮಳೆಗಾಲ.

ಇಷ್ಟೆಲ್ಲ ಹೇಳಿದ ಮೇಲೆ ನನಗೂ ಒಂದು ಆಸೆ ಉಂಟು. ಯಾರಾದರೂ ಒಮ್ಮೆ ಬೇರೆ ಪ್ರಶ್ನೆ ಕೇಳಲಿ. ರೈಲು ಬೇಕಾ ಬೇಡವಾ ಅಂತಲ್ಲ, ಪರವೋ ವಿರೋಧವೋ ಅಂತಲೂ ಅಲ್ಲ. "ನಿಮಗೆ ಎಲ್ಲಿಗೆ ಹೋಗಬೇಕು?" ಅಂತ.

ಕೇಳಿದ್ದರೆ ಹೇಳುತ್ತಿದ್ದೆವು, ಮಂಗಳೂರಿಗೆ ಅಂತ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ನಮ್ಮ ಆಸ್ಪತ್ರೆ ಅಲ್ಲಿ, ಮಕ್ಕಳ ಕಾಲೇಜು ಅಲ್ಲಿ, ಅಂಗಡಿ ಕೆಲಸ, ಆಫೀಸು ಕೆಲಸ ಅಲ್ಲಿ. ಬೆಳಗಿನ ಗಾಡಿಯಲ್ಲಿ ಬಾಗಿಲ ಹತ್ತಿರ ಜೋತಾಡುವ ಹುಡುಗರೆಲ್ಲ ಹೋಗುವುದು ಅಲ್ಲಿಗೆ. 2020ರ ಲಾಕ್‌ಡೌನ್‌ನಲ್ಲಿ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಜಿಲ್ಲೆಯಲ್ಲಿ ಜನ ತೀರಿಕೊಂಡರು. ನಾವು ದಿನಾ ಉತ್ತರಕ್ಕೆ ಹೋಗುವವರು. ಆ 64,000 ಕೋಟಿಯ ಹಳಿ ಬಂದು ಕಾಸರಗೋಡಿನಲ್ಲಿ ನಿಲ್ಲುತ್ತಿತ್ತು.

ನಿಂತರೇನು, ಮುಂದೆ ಹಳೆಯ ಹಳಿಯಲ್ಲೇ ಓಡಲಿ ಅನ್ನಬಹುದು. ಆಗುವುದಿಲ್ಲ. ಸಿಲ್ವರ್‌ಲೈನ್‌ಗೆ ಆರಿಸಿದ್ದು ಸ್ಟ್ಯಾಂಡರ್ಡ್ ಗೇಜ್, 1,435 ಮಿಲಿಮೀಟರ್ ಅಗಲ. ನಮ್ಮ ಬ್ರಾಡ್ ಗೇಜ್ 1,676. ಆ ಗಾಡಿ ಈ ಹಳಿಗೆ ಏರುವುದಿಲ್ಲ. ಇಳಿಯಬೇಕು, ಸೂಟ್‌ಕೇಸ್ ಎಳೆಯಬೇಕು, ಇನ್ನೊಂದು ಗಾಡಿಗೆ ಕಾಯಬೇಕು. ಮಂಗಳೂರಿನವರೆಗೆ ಬೆಳೆಸುವ ಮಾತು ಆಮೇಲೆ ಕೇಳಿಬಂತು, ಮುಂದೆ ಹೋಗಲಿಲ್ಲ. ಗೇಜಿನ ಬಗ್ಗೆ ಮಾತಾಡಲು ನಾನು ಎಂಜಿನಿಯರ್ ಅಲ್ಲ. ಆದರೆ ಎಲ್ಲಿಗೆ ಹೋಗಬೇಕು ಅಂತ ಮೊದಲು ಕೇಳಿದ್ದರೆ ಗೇಜಿನ ಮಾತೂ ಆಗಲೇ ಬರುತ್ತಿತ್ತು. ಸುರಂಗದ ಮಾತೂ ಬರುತ್ತಿತ್ತು. 530ರಲ್ಲಿ ಅರ್ಧಕ್ಕಿಂತ ಜಾಸ್ತಿ ದೂರ ಮಣ್ಣಿನ ದಿಬ್ಬದ ಮೇಲೆ ಹಳಿ ಹಾಕುವ ಯೋಜನೆ ಅದು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳ ಮಳೆಯಲ್ಲಿ ಯಾವ ಗದ್ದೆಯ ನೀರು ಯಾವ ತೋಡಿಗೆ ಇಳಿಯುತ್ತದೆ ಅಂತ ವಿಮಾನದಿಂದ ಕಾಣುವುದಕ್ಕಿಂತ ಜಾಸ್ತಿ ದೊಡ್ಡಮ್ಮನಿಗೆ ಗೊತ್ತು. ಗುತ್ತು ಮನೆಯ ಗದ್ದೆಯ ಅಂಚಿನಲ್ಲಿ ಕಟ್ಟ ಹಾಕಿದರೆ ಕೆಳಗಿನ ಹನ್ನೆರಡು ಮನೆಗೆ ನೀರು ನುಗ್ಗುತ್ತದೆ. ಅದನ್ನು ಹೇಳಲು ಅವರಿಗೆ ಐದು ನಿಮಿಷ ಸಾಕು.

ಬೆಂಗಳೂರಿನಿಂದ ಫೋನ್ ಮಾಡುವವರಿಗೆ ಒಂದು ಮಾತು ಹೇಳಬೇಕು. ಚೆನ್ನೈ–ಬೆಂಗಳೂರು–ಮೈಸೂರು ಅತಿವೇಗದ ಹಳಿಯ ಮಾತು ಕೆಲವು ವರ್ಷದಿಂದ ಉಂಟು. ಬಂಗಾರಪೇಟೆ, ಚನ್ನಪಟ್ಟಣ, ಮಂಡ್ಯದ ಹೆಸರೆಲ್ಲ ಅದರಲ್ಲಿ ಬರುತ್ತದೆ. ನಿಮ್ಮ ಅಪ್ಪನ ಕಬ್ಬಿನ ಗದ್ದೆ, ಅಜ್ಜಿಯ ತೆಂಗಿನ ತೋಟ ಅಲ್ಲೆಲ್ಲೋ ಇರಬಹುದು. ನಕ್ಷೆಯನ್ನು ಕನ್ನಡದಲ್ಲಿ ಈಗಲೇ ಕೇಳಿ. ವಿಶೇಷ ರೈಲ್ವೆ ಯೋಜನೆಗೆ ನೆಲ ಬೇಕು ಅಂತ ರೈಲ್ವೆ ಕಾಯ್ದೆಯಡಿ ಅಧಿಸೂಚನೆ ಬಿದ್ದ ಮೇಲೆ ಆಕ್ಷೇಪಣೆಗೆ ಸಿಗುವುದು 30 ದಿನ. ಪೇಪರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಆ ದಿನ ನೀವು ಪೇಪರ್ ಓದದಿದ್ದರೆ ನನ್ನನ್ನು ಕೇಳುವ ಪ್ರಶ್ನೆಯನ್ನು ನಿಮಗೂ ಯಾರೋ ಕೇಳುತ್ತಾರೆ.

ದೊಡ್ಡಮ್ಮನ ಮಗ, ನನ್ನ ಅಣ್ಣ, ಆ ವರ್ಷ ಮನೆಗೆ ಒಂದು ಕೋಣೆ ಸೇರಿಸಬೇಕು ಅಂತ ಪಂಚಾಂಗ, ಅಂದರೆ ಅಡಿಪಾಯ, ಹಾಕಿಸಿದ್ದ. ಕಲ್ಲು ಬಿದ್ದ ಮೇಲೆ ಸಾಲಕ್ಕೆ ಹೋದ. ಬ್ಯಾಂಕಿನಲ್ಲಿ ಸ್ವಲ್ಪ ಸಮಯ ಬಿಟ್ಟು ಬನ್ನಿ ಅಂದರು. ಎಷ್ಟು ಸಮಯ ಅಂತ ಅವರಿಗೂ ಗೊತ್ತಿರಲಿಲ್ಲ. ಕೋಣೆ ಏಳಲಿಲ್ಲ. ಪಂಚಾಂಗದ ಮುರಕಲ್ಲಿನ ಮೇಲೆ ಈಗ ಪಾಚಿ ಹಿಡಿದಿದೆ, ಒಂದು ಮೂಲೆಯಲ್ಲಿ ಕೆಸುವಿನ ಗಿಡ ಹುಟ್ಟಿದೆ.

ಹೋದ ತಿಂಗಳು ಅಲ್ಲಿಗೆ ಹೋಗಿದ್ದಾಗ ನಾನೇ ದೊಡ್ಡಮ್ಮನನ್ನು ಕೇಳಿದೆ. "ಅವರು ಅವತ್ತು ನಿಮ್ಮನ್ನು ಕೇಳಿದ್ದರೆ ಎಂತ ಹೇಳ್ತಿದ್ದಿರಿ?"

ಅವರಿಗೆ ಯೋಚಿಸಬೇಕಾಗಿರಲಿಲ್ಲ. "ಕಣ್ಣಿನ ಡಾಕ್ಟ್ರ ಹತ್ರ ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗ್ಲಿಕ್ಕುಂಟಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಹಾಗೆ ಒಂದು ಗಾಡಿ. ಕೂತುಕೊಳ್ಳಲಿಕ್ಕೆ ಜಾಗ ಇದ್ರೆ ಸಾಕು. ಮತ್ತೆ, ಹಳಿ ಹಾಕುದಾದ್ರೆ ಗುಡ್ಡದ ಆಚೆಯಿಂದ ಹಾಕಲಿ ಅಂತ. ಅಲ್ಲಿ ಬರೀ ಪಾರೆ ಉಂಟು, ನೀರಿಲ್ಲ."