ಅಜ್ಜನ ಫೆಸ್ತ್ ಯಾವಾಗ?

ನಮ್ಮ ಅಜ್ಜನ ಹೆಸರು ತೋಮಸ್. ಹುಟ್ಟಿದ್ದು ಡಿಸೆಂಬರ್ 21ಕ್ಕೆ. ಆವತ್ತು ಯೇಸುವಿನ ಶಿಷ್ಯ ಸಂತ ತೋಮಸರ ಫೆಸ್ತ್, ಅಂದ್ರೆ ಹಬ್ಬ, ಹಾಗಾಗಿ ಹೆಸರು ಹುಡುಕುವ ಕೆಲಸವೇ ಇರಲಿಲ್ಲವಂತೆ. ಚಿಕ್ಕವಳಿದ್ದಾಗ ಇದನ್ನು ಕೇಳಿ ಅಜ್ಜನಿಗೆ ಮರೆವು ಶುರುವಾಗಿದೆ ಅಂದುಕೊಂಡಿದ್ದೆ. ಯಾಕಂದ್ರೆ ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ತೋಮಸರ ಹಬ್ಬ ಬರುವುದು ಜುಲೈ 3ಕ್ಕೆ, ಕೊಡೆ ಹಿಡಿದು ಪೂಜೆಗೆ ಹೋಗುವ ಜೋರು ಮಳೆಗಾಲದಲ್ಲಿ.

ಮೊನ್ನೆ ಕಪಾಟು ಖಾಲಿ ಮಾಡುವಾಗ ಅಜ್ಜನ ಲ್ಯಾಟಿನ್ ಪೂಜೆ ಪುಸ್ತಕ ಸಿಕ್ಕಿತು. ಅರ್ಧ ಗೆದ್ದಲಿನ ಪಾಲಾಗಿದೆ, ಆದರೆ ಮೊದಲಲ್ಲಿದ್ದ ಕ್ಯಾಲೆಂಡರ್ ಉಳಿದಿದೆ. ನೋಡಿದರೆ ಡಿಸೆಂಬರ್ 21ರ ಎದುರು ತೋಮಸ್!

ಕಥೋಲಿಕರ ಹಬ್ಬಗಳ ಕ್ಯಾಲೆಂಡರ್ ಬದಲಾದದ್ದು 1969ರಲ್ಲಿ, ಪೋಪ್ ಆರನೇ ಪೌಲರ ಕಾಲದಲ್ಲಿ. ಕ್ರಿಸ್ಮಸ್ ಮುಂಚಿನ ವಾರ ಪೂರ್ತಿ ಯೇಸುವಿನ ಬರುವಿಕೆಗೇ ಇರಲಿ ಅಂತ ತೋಮಸರನ್ನು ಅಲ್ಲಿಂದ ಎಬ್ಬಿಸಿದರು. ಜುಲೈ 3ನ್ನು ಸುಮ್ನೆ ಆರಿಸಿದ್ದಲ್ಲ. ಅವರ ಅಸ್ಥಿಯನ್ನು ಈಗಿನ ಟರ್ಕಿಯಲ್ಲಿರುವ ಎದೆಸ್ಸಾ ಊರಿಗೆ ಒಯ್ದ ದಿನ ಅದು ಅಂತ ಸಿರಿಯನ್ ಸಂಪ್ರದಾಯದ ನಂಬಿಕೆ, ಕೇರಳದ ಸಿರಿಯನ್ ಕ್ರೈಸ್ತರು ಮೊದಲಿನಿಂದಲೂ ಹಬ್ಬ ಮಾಡುವುದು ಆ ದಿನವೇ. ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ ಸಿಕ್ಕಿಬಿದ್ದಿದ್ದ ಸಂತ ಬೆನೆಡಿಕ್ಟರೂ ಮಾರ್ಚ್ 21ರಿಂದ ಜುಲೈ 11ಕ್ಕೆ ಹೋದರು. ಮರಿಯಮ್ಮನವರ ಅಪ್ಪ ಜೋಕಿಮ್ ಆಗಸ್ಟ್ 16ರಿಂದ ಜುಲೈ 26ಕ್ಕೆ, ಹೆಂಡತಿ ಅನ್ನಮ್ಮನವರ ಜೊತೆಗೆ ಬಂದರು. (ಅಷ್ಟು ವರ್ಷ ಗಂಡ ಹೆಂಡತಿಗೆ ಬೇರೆ ಬೇರೆ ದಿನ ಯಾಕಿತ್ತೋ!) ಪ್ರಯಾಣ ಕಾಯುತ್ತಾರೆ ಅಂತ ಕಾರಿನಲ್ಲಿ ಅಂಟಿಸುವ ಸಂತ ಕ್ರಿಸ್ತೋಫರರನ್ನಂತೂ ಸಂತರ ಪಟ್ಟಿಯಿಂದಲೇ ತೆಗೆದುಹಾಕಿದರು ಅಂತ ನಮ್ಮ ಮಾವ ಈಗಲೂ ಸಿಟ್ಟು ಮಾಡುತ್ತಾರೆ. ಹಾಗೇನಿಲ್ಲ. ಜುಲೈ 25ರ ಅವರ ಹಬ್ಬ ಎಲ್ಲ ಕಡೆಗೂ ಕಡ್ಡಾಯ ಅನ್ನುವುದು ಹೋಯಿತು, ಅಷ್ಟೇ.

ಸಂತರ ಹಬ್ಬ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ. ಸ್ವರ್ಗದಲ್ಲಿ ಹುಟ್ಟಿದ ದಿನ ಅಂತ ಲೆಕ್ಕ. ಭೂಮಿಯ ಮೇಲೆ ಹುಟ್ಟಿದ ದಿನವನ್ನು ಆಚರಿಸುವುದು ಮೂವರದ್ದು ಮಾತ್ರ: ಯೇಸು, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ, ಮರಿಯಮ್ಮ. ಸೆಪ್ಟೆಂಬರ್ 8ಕ್ಕೆ ನಾವು ಮೊಂತಿ ಫೆಸ್ತ್ ಅಂತ ಹೂ ಹಾಕಿ, ತೆನೆ ತಂದು, ಬಾಳೆ ಎಲೆಯಲ್ಲಿ ಮೀನು ಮಾಂಸವಿಲ್ಲದ ಊಟ ಮಾಡುವುದು ಮರಿಯಮ್ಮನವರ ಬರ್ತ್‌ಡೇಗೆ. ಆ ತಾರೀಕನ್ನು ಯಾರೂ ಮುಟ್ಟಲಿಲ್ಲ.

ಕ್ಯಾಲೆಂಡರ್ ಬದಲಾಗದಿದ್ದರೂ ಜನ ಕೇಳಬೇಕಲ್ವಾ? ಸಂತ ಲಾರೆನ್ಸರ ದಿನ ಅಂದೂ ಇಂದೂ ಆಗಸ್ಟ್ 10. ಆದರೆ ಕಾರ್ಕಳದ ಹತ್ತಿರ ಅತ್ತೂರಿನಲ್ಲಿರುವ ಅವರ ಇಗರ್ಜಿಯ ಜಾತ್ರೆ ಜನವರಿ ಕೊನೆಗೆ, ಜಾತಿ ಧರ್ಮ ನೋಡದೆ ಊರೆಲ್ಲ ಕ್ಯಾಂಡಲ್ ಹಿಡಿದು ಸಾಲು ನಿಲ್ಲುವುದು ಆಗಲೇ. ಆಗಸ್ಟಿನ ಕಾರ್ಕಳದ ಮಳೆಗೆ ಕ್ಯಾಂಡಲ್ ಉರಿಯುವುದಾದರೂ ಹೇಗೆ ಹೇಳಿ.

ಈ ಸಲ ಡಿಸೆಂಬರ್ 21ಕ್ಕೆ ಅಜ್ಜನ ಹೆಸರಲ್ಲಿ ಪೂಜೆಗೆ ಕೊಡೋಣ ಅಂತ ಹೋದೆ. ಫಾದರ್ ಬರೆದುಕೊಳ್ಳುತ್ತಾ, "ತೀರಿಕೊಂಡ ದಿನವಾ?" ಅಂದರು.

"ಅಲ್ಲ ಫಾದರ್, ಅವರ ಫೆಸ್ತ್."

"ತೋಮಸರದ್ದು ಜುಲೈ ಅಲ್ವಾ?"

"ಅಜ್ಜನದ್ದು ಡಿಸೆಂಬರ್, ಫಾದರ್."